ಇಬ್ಬರ ತೂಕಕ್ಕೆ ಒಂದು ಬಿಲ್ಲು

ಹರಿಹರ,
ಭಾನುವಾರ ಸಂಜೆ

ಹೊಟ್ಟೆಯೊಳಗೆ ಹಾಯಾಗಿರುವ ನನ್ನ ಪುಟಾಣಿಗೆ,

ನಿನಗಿನ್ನೂ ಹೆಸರಿಲ್ಲ. ನಿನ್ನ ಅಬ್ಬಾನ ತಾಯಿ, ಅಂದರೆ ನಿನ್ನ ದಾದಿ ಖತೀಜಾಬೀ, ದಿನಕ್ಕೊಂದು ಹೆಸರು ಹುಡುಕಿ ಮರುದಿನ ತಾವೇ ಬೇಡವೆನ್ನುತ್ತಾರೆ. ಇವತ್ತು ದಾವಣಗೆರೆಯ ಬಿಲ್ಲುಗಾರಿಕೆ ಸ್ಪರ್ಧೆಯಲ್ಲಿ ನೀನು ಮಾಡಿದ ಕಿತಾಪತಿಯನ್ನು ನೆನಪು ಹಸಿಯಾಗಿರುವಾಗಲೇ ಬರೆದುಬಿಡುತ್ತೇನೆ.

ನನಗೀಗ ಐದನೇ ತಿಂಗಳು. ಹಗುರವಾದ ಬಿಲ್ಲಾದರೆ ಪರವಾಗಿಲ್ಲ ಎಂದು ಡಾಕ್ಟರಮ್ಮ ಒಪ್ಪಿದ್ದರು. ಆದರೆ ಹೋದ ವಾರ ಕೊಂಡಜ್ಜಿ ಕೆರೆಯ ಪಕ್ಕದ ಬಯಲಿನಲ್ಲಿ ಅಭ್ಯಾಸ ಮಾಡುವಾಗ ನನ್ನ ಬಾಣಗಳೆಲ್ಲ ಗುರಿಯ ಕೆಳಗೇ ಬೀಳತೊಡಗಿದವು. ನಿನ್ನ ಭಾರಕ್ಕೆ ನಾನು ಹಿಂದಕ್ಕೆ ವಾಲುತ್ತಿದ್ದೆ, ಬಿಲ್ಲು ಮುಂದಕ್ಕೆ ಮುಗ್ಗರಿಸುತ್ತಿತ್ತು. ಕಣ್ಣು ತುಂಬಿ ಬಂತು. ಮರದ ಕೆಳಗೆ ಕೂತಿದ್ದ ದಾದಿ ಇನ್ನು ಮನೆಗೆ ನಡಿ ಎನ್ನುತ್ತಾರೆಂದುಕೊಂಡು ಬಿಲ್ಲನ್ನು ಚೀಲಕ್ಕೆ ಹಾಕಹೊರಟೆ.

"ಯಾಕ ಸನೋಬರ್, ಏನಾತು?" ಎಂದರು.

"ಅಮ್ಮಿ, ಮೈ ಭಾರ ಆಗೈತೆ. ಬಿಲ್ಲು ನೆಟ್ಟಗೆ ನಿಲ್ತಿಲ್ಲ."

"ಮೈ ಬದಲಾದ್ರೆ ಬಿಲ್ಲನ್ನೂ ಬದಲು ಮಾಡ್ಕ. ಬಸುರಿ ಇದ್ದಾಗ ನಾನು ಸಡಿಲ ಕುಪ್ಪಸ ಹೊಲಿಸ್ಕೊಳ್ಲಿಲ್ಲೇನು? ಅಳೋದ್ಯಾಕ?"

ಪಕ್ಕದಲ್ಲೇ ನಿಂತಿದ್ದ ನನ್ನ ಕೋಚ್ ದ್ರಾಕ್ಷಾಯಣಮ್ಮ ನಕ್ಕುಬಿಟ್ಟರು. ಸ್ಟೆಬಿಲೈಸರ್ ಅಂತ ಬಿಲ್ಲು ಅಲುಗದ ಹಾಗೆ ಕಾಯುವ ಕೋಲುಗಳಿರುತ್ತವೆ ಕಂದ. ಮುಂದಕ್ಕೆ ಚಾಚಿದ ಉದ್ದನೆಯ ಕೋಲಿನ ತುದಿಯಿಂದ ತೂಕದ ಬಿಲ್ಲೆಗಳನ್ನು ಬಿಚ್ಚಿ, ಹಿಂದಕ್ಕೆ ಚಾಚಿದ ಗಿಡ್ಡ ಕೋಲುಗಳಿಗೆ ಹಂಚಿದೆವು. ಕಣ್ಣು ಮುಚ್ಚಿ ಹೆದೆ ಎಳೆಯುವುದು, ಕಣ್ಣು ತೆರೆದು ಬಿಲ್ಲು ಯಾವ ಕಡೆ ವಾಲಿದೆ ಎಂದು ನೋಡುವುದು, ಬಿಲ್ಲೆ ಬದಲಿಸಿ ಮತ್ತೆ ಎಳೆಯುವುದು. ಬಿಸಿಲು ಇಳಿಯುವ ಹೊತ್ತಿಗೆ ಬಿಲ್ಲು ನನ್ನ ಕೈಯಲ್ಲಿ ಅಲ್ಲಾಡದೆ ನಿಂತಿತು. ಬಾಣ ನಡುವಿನ ಹಳದಿಗೆ ಬಡಿಯುತ್ತಲೇ ದಾದಿ ಓಡಿಬಂದು ನೆಟಿಕೆ ಮುರಿದು ನನ್ನ ದೃಷ್ಟಿ ತೆಗೆದರು.

ಇವತ್ತು ಕೊನೆಯವರೆಗೂ ನಾನು ಮೂರನೇ ಸ್ಥಾನದಲ್ಲಿದ್ದೆ. ಒಂದೇ ಬಾಣ ಉಳಿದಿತ್ತು. ಹೆದೆಯನ್ನು ಗಲ್ಲದವರೆಗೆ ಎಳೆದಿದ್ದೆ, ಇನ್ನೇನು ಬಿಡಬೇಕು, ನೀನು ಒದ್ದೆ! ಮೊಟ್ಟಮೊದಲ ಸಲ! ಬಿಲ್ಲು ಇಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ನಿಂತಲ್ಲೇ ನಗತೊಡಗಿದೆ. ಮತ್ತೆ ಬಿಲ್ಲೆತ್ತುವಷ್ಟರಲ್ಲಿ ಸಮಯ ಮುಗಿದು ಕೆಂಪು ದೀಪ ಹತ್ತಿತು. ಕಂಚಿನ ಪದಕ ನನ್ನ ಹಿಂದೆಯೇ ಇದ್ದ ಹದಡಿಯ ರೇವತಿಯ ಪಾಲಾಯಿತು.

ದಾದಿ ಸೀದಾ ತೀರ್ಪುಗಾರರ ಬಳಿಗೆ ಹೋದರು. "ಏನ್ರಿ, ಒಳಗಿನ ಕೂಸು ಒದ್ರೆ ತಾಯಿ ನಿಲ್ಲಬ್ಯಾಡ್ವಾ? ಇನ್ನೊಂದ್ ಬಾಣ ಬಿಡಾಕ ಕೊಡ್ರಿ!"

"ಹಂಗಂತ ರೂಲ್ಸ್‌ನಾಗ ಇಲ್ಲ ಅಮ್ಮಾ."

"ಇಲ್ದಿದ್ರೆ ಈಗ ಬರ್ಕಳ್ರಿ!"

ಮೈದಾನವೆಲ್ಲ ನಕ್ಕಿತು. ರೇವತಿ ಕೊರಳಲ್ಲಿ ಪದಕ ಹಾಕಿಕೊಂಡೇ ಬಂದು, "ಅಕ್ಕಾ, ನಾನೂ ಮುಟ್ಲಾ?" ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು. ನೀನು ಜಪ್ಪಯ್ಯ ಅನ್ನಲಿಲ್ಲ.

ಪದಕ ತಪ್ಪಿತೆಂದು ಬೇಸರ ಆಗಬೇಕಿತ್ತು. ಹುಡುಕಿದೆ, ಸಿಗಲೇ ಇಲ್ಲ. ಈಗ ನಿನ್ನ ಅಬ್ಬಾ ಮುದಸ್ಸಿರ್ ಊಟ ಬಿಟ್ಟು ನನ್ನ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದಾರೆ. ತಟ್ಟೆಯಲ್ಲಿ ಅನ್ನ ಆರುತ್ತಿದೆ. ಅವರಿಗೂ ಒಂದು ಸಲ ಒದ್ದುಬಿಡು, ಪಾಪ.

ತುಂಬಿದ ತಿಂಗಳಿಗೆ ಸುಖವಾಗಿ ಬಾ ಕಂದ, ಅಲ್ಲಾಹ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಒದೆ ತಿಂದು ಖುಷಿಯಾಗಿರುವ ಅಮ್ಮಿ,
ಸನೋಬರ್