ಅಮ್ಮನ ಬಲಗಡೆಯ ಕಣಗಿಲೆ

ಕೊಡಿಗೇನಹಳ್ಳಿ ಕಡೆಯಿಂದ,
ಭಾನುವಾರ ಮಧ್ಯಾಹ್ನ

ಒಡಹುಟ್ಟಿದ ಅಕ್ಕ ಈರಕ್ಕನಿಗೆ ನಿನ್ನ ತಮ್ಮ ರಾಜಣ್ಣ ಮಾಡುವ ನಮಸ್ಕಾರ.

ಈ ಕಾಗದ ನೋಡಿ ನೀನು ನಗುತ್ತೀಯ. ದಿನಕ್ಕೆರಡು ಸಲ ಫೋನ್ ಮಾಡುವವನು ನಾಗಲಮಡಿಕೆಗೆ ಕಾಗದ ಬರೆದು ನಿನ್ನ ಮಗಳು ಗಂಗಾಲಕ್ಷ್ಮಿಯ ಕೈಲೇ ಕಳಿಸಿದ್ದಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಅಂತ. ಕೆಟ್ಟಿದೆ ಅಕ್ಕ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಸುಳ್ಳು ತಾನಾಗಿ ಬಂದುಬಿಡುತ್ತದೆ. ನಿನ್ನೆ ನೀನು "ಹೂ ಕೇಳಿದ್ಯೇನ್ಲಾ?" ಅಂದೆ. ನಾನು "ಇನ್ನೂ ಇಲ್ಲ ಕಣಕ್ಕ" ಅಂದೆ. ಕೇಳಿ ಆಗಲೇ ಒಂದು ದಿನವಾಗಿತ್ತು. ಬಾಗಿಲು ಹಾಕಿಕೊಂಡು ಒಬ್ಬಳೇ ಓದು.

ಹೂವಿನ ವಿದ್ಯೆ ಕಲಿಸಿದವಳು ನೀನೇ. ಗುಡಿಯ ಪೂಜಾರಿ ಅಪ್ಪನಾದರೂ ಬೆಳಗಾಗೆದ್ದು ಬುಟ್ಟಿ ಹಿಡಿದು ಬೇಲಿ ಸುತ್ತುತ್ತಿದ್ದವರು ನಾವಿಬ್ಬರು. ತುಂಬೆ ಶಿವನಿಗೆ, ಎಕ್ಕ ಆಂಜನೇಯನಿಗೆ, ಕೆಂಪು ಕಣಗಿಲೆ ನಮ್ಮ ಕೊಲ್ಲಾಪುರದಮ್ಮನಿಗೆ. ಕಣ್ಣು ಉರಿದರೆ ನಂದಿಬಟ್ಟಲು, ಮೈ ಕಾದರೆ ತಂಗಡಿ ಹೂವು. ಒಮ್ಮೆ ಕಣಗಿಲೆ ಕಿತ್ತ ಕೈಯಲ್ಲೇ ಕಡ್ಲೆಕಾಯಿ ತಿನ್ನಲು ಹೋದ ನನ್ನ ತಲೆಗೆ ಮೊಟಕಿ, "ದೇವ್ರಿಗೆ ಹೂವು, ಹೊಟ್ಟೆಗೆ ಇಸ ಕಣ್ಲಾ. ಕೈ ತೊಳ್ಕೊ ಹೋಗು" ಅಂದಿದ್ದೆ. ಆಗ ನನಗೆ ಆರು ವರ್ಷವಿರಬೇಕು.

ಮೂರು ವರ್ಷದ ಹಿಂದೆ ಓಬಯ್ಯ ಭಾವನ ಹೃದಯಕ್ಕೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ನೀನು ಆಸ್ಪತ್ರೆಯಿಂದ ನೇರ ಗುಡಿಗೆ ಬಂದೆ. "ಅಮ್ಮ ಬಲಗಡೆ ಕೊಟ್ರೆ ಮಾಡುಸ್ತೀನಿ, ಎಡಗಡೆ ಕೊಟ್ರೆ ಮನೆಗೆ ಕರ್ಕೊಂಡೋಯ್ತೀನಿ" ಅಂದೆ. ಭಾವ ಹೊರಗೆ ಜಗಲಿಯ ಮೇಲೆ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರು. ಅಮ್ಮನ ಎರಡು ಹೆಗಲಿಗೂ ನೀರಲ್ಲಿ ಅದ್ದಿದ ಒಂದೊಂದು ಕಣಗಿಲೆ ಅಂಟಿಸುವುದು, ಯಾವ ಕಡೆಯದು ಮೊದಲು ಉದುರಿತೋ ಅದೇ ಅವಳ ಅಪ್ಪಣೆ. ಅಪ್ಪನ ಕಾಲದಿಂದ ಬಂದ ಕ್ರಮ. ಅವತ್ತು ನಾನು ಎಡಗಡೆಯ ಹೂವಿನ ಹಿಂದೆ ಉಗುರಿನಷ್ಟು ಗಂಧ ಮೆತ್ತಿದೆ. ಗಂಧ ಹಿಡಿದ ಹೂವು ಬೇಗ ಬಿಡುವುದಿಲ್ಲ. ಬಲಗಡೆಯದು ನೀರಾರುತ್ತಲೇ ಬಿತ್ತು.

ಆಪರೇಷನ್ ಇಲ್ಲದೆ ಭಾವ ಉಳಿಯುವುದಿಲ್ಲ ಎಂಬುದು ನನ್ನ ಕಣ್ಣಿಗೂ ಕಂಡಿತ್ತು. ಡಾಕ್ಟರ ಮಾತನ್ನೇ ಅಮ್ಮನ ಬಾಯಲ್ಲಿ ಆಡಿಸಿದೆ. ನೀನು ಅಳುತ್ತಾ, ನನಗಿಂತ ದೊಡ್ಡವಳು ಎಂಬುದನ್ನೂ ಮರೆತು, ನನ್ನ ಕಾಲು ಮುಟ್ಟಿದೆ. ನಾನು ಹಿಂದೆ ಸರಿಯಲಿಲ್ಲ. ಅದೊಂದು ಇವತ್ತಿಗೂ ನನ್ನನ್ನು ಸುಡುತ್ತದೆ. ಆಪರೇಷನ್ ಆದ ಒಂಬತ್ತನೇ ದಿನ ಭಾವ ತೀರಿಕೊಂಡರು.

ನೀನು ಡಾಕ್ಟರನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಬಲಗಡೆ ಕೊಟ್ಟು ಕೈ ಬುಟ್ಬುಟ್ಳಲ್ಲೋ" ಎಂದು ಅಮ್ಮನ ಮೇಲೆ ಮುನಿದು ಗುಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಅವಳಿಗೆ ಬೀಳುತ್ತಿತ್ತು, ನಾನು ಪಕ್ಕದಲ್ಲಿ ನಿಂತು ದಿನಾ ಮಂಗಳಾರತಿ ಎತ್ತುತ್ತಿದ್ದೆ.

ಈಗ ನಿನ್ನ ಎದೆಯಲ್ಲಿ ಗಂಟು. ಗುರುವಾರ ಇಲ್ಲಿಗೆ ಬಂದ ಗಂಗಾಲಕ್ಷ್ಮಿ ಹೇಳಿ ಅತ್ತಳು. ಐದು ತಿಂಗಳಿಂದ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದೀಯಂತೆ. ಅದು ಮಂಡಿನೋವಿಗೆ ಕಟ್ಟುವ ಎಲೆ ಅಕ್ಕ, ನೀನೇ ಹೇಳಿಕೊಟ್ಟಿದ್ದು. ಆಪರೇಷನ್ ಮಾಡಿಸಿ, ತಡ ಮಾಡಬೇಡಿ ಎಂದು ತುಮಕೂರಿನ ಡಾಕ್ಟರು ಎರಡು ಸಲ ಹೇಳಿದ್ದಾರೆ. ಮಗಳು ಎಷ್ಟು ಕಾಡಿದರೂ ನೀನು ಜಗ್ಗಲಿಲ್ಲ. ಕೊನೆಗೆ, "ನಿಮ್ಮ ಮಾವಂಗೆ ಹೇಳು, ಅಮ್ಮನ್ನ ಇನ್ನೊಂದ್ಸಲ ಕೇಳ್ಲಿ. ಈ ಸಲನಾದ್ರೂ ನಿಜ ಹೇಳ್ತಾಳೇನೋ ನೋಡಾನ" ಅಂದೆಯಂತೆ.

ಆ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿದಿಲ್ಲ. ಶುಕ್ರವಾರ ಪೂಜೆ ಮುಗಿಸಿ, ಬಾಗಿಲು ಮುಂದೆ ಮಾಡಿ, ಎರಡು ಕಣಗಿಲೆ ಅಂಟಿಸಿ ಕೂತೆ. ಗಂಧದ ಬಟ್ಟಲು ಕೈಗೆಟುಕುವಷ್ಟು ಹತ್ತಿರವಿತ್ತು. ಮುಟ್ಟಲಿಲ್ಲ. ನಿಜವಾಗಿ ಕೇಳಿದರೆ ನಿಜವಾಗಿ ಬಲಗಡೆ ಕೊಡುತ್ತಾಳೆ, ನನ್ನ ಪಾಪವೂ ತೊಳೆದುಹೋಗುತ್ತದೆ ಎಂಬ ದುರಾಸೆ ನನ್ನದು.

ಎಡಗಡೆಯದು ಬಿತ್ತು, ಅಕ್ಕ.

ಆಗಿನಿಂದ ಕಾರಣ ಹುಡುಕುತ್ತಿದ್ದೇನೆ. ತೊಟ್ಟು ಸೊಟ್ಟಗಿತ್ತೇ, ನೀರು ಸಾಲಲಿಲ್ಲವೇ, ಕಿಟಕಿಯಿಂದ ಗಾಳಿ ಬಂತೇ. ಎಡಗಡೆ ಬಿತ್ತೆಂದು ಅಳುತ್ತಾ ಹೋದ ಎಷ್ಟೋ ಜನಕ್ಕೆ ಕಾರಣ ನೋಡೋಣ ತಡೆಯಿರಿ ಎಂದು ನಾನು ಒಮ್ಮೆಯಾದರೂ ಹೇಳಿದ್ದೇನೆಯೇ? ಅದು ಅಮ್ಮನ ಮಾತೋ ಬರೀ ಹೂವೋ, ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಪೂಜೆ ಮಾಡಿದವನು ಹೀಗೆ ಬರೆಯಲು ಹೆದರಿಕೆಯಾಗುತ್ತದೆ. ಬಲಗಡೆ ಆಯ್ತು ಎಂದು ಫೋನಿನಲ್ಲಿ ಹೇಳಿದ್ದರೆ ನೀನು ಆಗಲೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ಏನಾದರೂ ಹೆಚ್ಚುಕಮ್ಮಿಯಾದರೆ ಮತ್ತೆ ಅವಳ ಮೇಲೆ ಹೊರಿಸಿ ನಾನು ಆರತಿ ಎತ್ತುತ್ತಿದ್ದೆ. ಅದು ನನ್ನಿಂದ ಇನ್ನೊಂದು ಸಲ ಆಗದು. ಬೆಳಗ್ಗೆ ಗುಡಿಯ ಬೀಗದ ಕೈಯನ್ನು ಚಿಕ್ಕಪ್ಪ ಅಡವಯ್ಯನಿಗೆ ಕೊಟ್ಟೆ. "ಯಾಕ್ಲಾ, ಮೈಗೆ ಉಸಾರಿಲ್ವಾ?" ಅಂದ. ಹೂಂ ಅಂದೆ.

ತುಮಕೂರಿಗೆ ಫೋನ್ ಮಾಡಿ ಕೇಳಿದ್ದೇನೆ, ಬುಧವಾರ ನಿನ್ನನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಪಾವಗಡದಿಂದ ಬರುವ ಮೊದಲ ಬಸ್ಸಿಗೆ ನಾನು ಮಧುಗಿರಿಯಲ್ಲಿ ಕಾದು ಹತ್ತುತ್ತೇನೆ. ಬೇಕಾದರೆ ನನ್ನ ಮುಖ ನೋಡಬೇಡ, ದೂರದ ಸೀಟಿನಲ್ಲಿ ಕೂರು. "ನನ್ನ ಗಂಡನನ್ನು ಸುಳ್ಳು ಹೇಳಿ ಕಳಿಸಿದವನು ಇವನೇ" ಎಂದು ಬಸ್ಸಿಗೆಲ್ಲ ಕೇಳುವಂತೆ ಬೈ. ಕನ್ನಡ ಸಾಲದಿದ್ದರೆ ನಿಮ್ಮ ಊರಿನ ತೆಲುಗಿನಲ್ಲೂ ಬೈ. ನೀನು ಉಳಿಯುತ್ತೀಯ ಎಂದು ಮಾತು ಕೊಡಲು ನಾನು ಯಾರು? ಹೂವು ಬೇಡ ಎಂದಿದೆ. ನಿನ್ನ ತಮ್ಮ ಬಾ ಎನ್ನುತ್ತಿದ್ದಾನೆ. ನನ್ನ ಮಾತು ಕೇಳಿ ಬಾ ಅಕ್ಕ.

ಅಮ್ಮನ ಹೆಸರಿನಲ್ಲಿ ಒಳ್ಳೆಯದಾಗಲಿ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ನೂರು ವರ್ಷ ಬದುಕಿ, ದಿನಾ ನನ್ನನ್ನು ಬೈಯುತ್ತಾ ಇರು.

ಇಂತಿ ನಿನ್ನ ತಪ್ಪಿತಸ್ಥ ತಮ್ಮ,
ರಾಜಣ್ಣ