ಮಾವನ ಶೆಡ್ಡಿಗೆ ಬಂದ ಜೀಪು

ಬಿಷ್ಕೆಕ್, ಆರನೇ ಬಡಾವಣೆ
ಜೂನ್ ೧೬, ೨೦೦೯

ಬೆಗಾಯಿಮಳ ಅಪ್ಪನಿಗೆ,

ಹೇಗಿದ್ದೀರಿ? ಆ ಹಿಮದ ನಡುವೆ ಹವಾಮಾನ ಕೇಂದ್ರದ ಒಲೆ ಈ ಸಲವಾದರೂ ಸರಿಯಾಗಿ ಉರಿಯುತ್ತಿದೆಯೇ? ಕೆಮ್ಮು ಕಡಿಮೆಯಾಯಿತೇ? ಗುರುವಾರ ಸಾಮಾನಿನ ಟ್ರಕ್ಕು ನಿಮ್ಮಲ್ಲಿಗೆ ಹೊರಡುತ್ತದಂತೆ. ಅದರಲ್ಲಿ ಉಣ್ಣೆಯ ಕಾಲುಚೀಲ, ಏಪ್ರಿಕಾಟ್ ಜಾಮು, ಒಂದು ಚೀಲ ಕುರುತ್ ಕಳಿಸುತ್ತಿದ್ದೇನೆ. ಮೊಸರು ಬಸಿದು ಉಂಡೆ ಕಟ್ಟಿದ್ದು ನಿಮ್ಮ ಮಗಳು ಬೆಗಾಯಿಮ್. ಒಂದೊಂದು ಒಂದೊಂದು ಗಾತ್ರಕ್ಕಿದೆ, ನಗಬೇಡಿ. ಅವಳ ಮುಂದಿನ ಹಲ್ಲು ಬಿದ್ದಿದೆ. ನಾನು ಚೆನ್ನಾಗಿದ್ದೇನೆ. ಮಾವನೂ ಈಗ ಚೆನ್ನಾಗಿದ್ದಾರೆ. ‘ಈಗ’ ಎಂದು ಯಾಕೆ ಬರೆದೆನೋ ಹೇಳುತ್ತೇನೆ, ಗಾಬರಿಯಾಗಬೇಡಿ.

ನಿಮ್ಮ ತಮ್ಮ ಜೀಪು ಕೊಂಡಿದ್ದಾನೆ. ಜಪಾನಿನದು, ಕಪ್ಪು ಬಣ್ಣ, ನಮ್ಮ ಅಡುಗೆಮನೆಯಷ್ಟಿದೆ. ಮೊದಲ ದಿನ ನಮ್ಮ ಕಟ್ಟಡದ ಮುಂದೆ ತಂದು ನಿಲ್ಲಿಸಿದಾಗ ನನ್ನ ಓರಗಿತ್ತಿ ಚಿನಾರಾ ನೆರೆಯವರ ಎಲ್ಲ ಕಿಟಕಿಗಳೂ ತೆರೆಯುವವರೆಗೆ ಕಾದಂತೆ ನಿಧಾನವಾಗಿ ಇಳಿದಳು. ಏಳು ತಿಂಗಳ ಬಸುರಿ, ನಿಧಾನವಾಗಿ ಇಳಿಯದೆ ಇನ್ನೇನು ಮಾಡುತ್ತಾಳೆ, ಅದು ನನಗೂ ಗೊತ್ತು. ಆದರೂ ಹೊಟ್ಟೆ ಉರಿಯಿತು. ನೀವು ಬೆಟ್ಟದ ಮೇಲೆ ಕೂತು ಮೋಡ ಎಣಿಸುತ್ತೀರಿ, ನಾನಿಲ್ಲಿ ಊರವರ ಅಂಗಿಗೆ ಕಾಜ ಹೊಲಿಯುತ್ತೇನೆ, ಅವಳು ಹಾಗೆ ಇಳಿಯುತ್ತಾಳೆ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಚಹಾ ಕುಡಿಯುತ್ತ ಮಾವ, “ಇಂಥ ಗಾಡೀನ ಬೀದೀಲಿ ಬಿಡಕ್ಕಾಗುತ್ತೇನಮ್ಮ? ಕನ್ನಡಿ ಕಿತ್ಕೊಂಡು ಹೋಗ್ತಾರೆ. ದೊಡ್ಡೋನು ಬರೋವರ್ಗೂ ನಿಮ್ಮ ಝಿಗುಲಿ ಕಾರು ಹೊರಗಿರ್ಲಿ, ಶೆಡ್ಡು ಇವ್ನಿಗೆ ಬಿಟ್ಕೊಡು” ಎಂದುಬಿಟ್ಟರು. ಚಿನಾರಾ ನನ್ನ ಕೈ ಹಿಡಿದು, “ಬೇಜಾರಿಲ್ಲ ತಾನೇ ಅಕ್ಕಾ? ನಿಮ್ದು ಹಳೇದು, ಯಾರೂ ಮುಟ್ಟಲ್ಲ” ಎಂದಳು. ಆಯಿತು ಎಂದೆ. ಪ್ರತಿ ವಸಂತದಲ್ಲೂ ನೀವು ಸುಣ್ಣ ಬಳಿಯುವ ಶೆಡ್ಡು ಅದು. ನನ್ನ ಉಪ್ಪಿನಕಾಯಿ ಜಾಡಿಗಳಿಗೂ ಅದೇ ಮನೆ.

ಜಾಡಿಗಳನ್ನು ಹೊರಗೆ ಸಾಗಿಸುವಾಗ ಅಳತೆಯ ಟೇಪು ನನ್ನ ಕೊರಳಲ್ಲೇ ಇತ್ತು. ಗೋಡೆಯಿಂದ ಗೋಡೆಗೆ ಹಿಡಿದು ನೋಡಿದೆ. ಆಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ, ಜೀಪಿಗೂ ಹಿಡಿದೆ. ಮಾವ ಆ ಶೆಡ್ಡು ಕಟ್ಟಿದ್ದು ಆಗ ತಮ್ಮದಾಗಿದ್ದ ಝಿಗುಲಿಯ ಅಳತೆಗೆ. ಜೀಪು ಒಳಗೇನೋ ಹೋಗುತ್ತದೆ, ಆದರೆ ಎರಡೂ ಕಡೆ ಒಂದು ಗೇಣೂ ಉಳಿಯುವುದಿಲ್ಲ. ಹೋದವರು ಬಾಗಿಲು ತೆರೆಯುವಂತಿಲ್ಲ. ನಿಮ್ಮ ತಮ್ಮ ಬಂದು, “ಅತ್ತಿಗೆ, ಹಿಡಿಸುತ್ತಾ?” ಎಂದು ಕೇಳಿದ. “ಹಿಡಿಸುತ್ತೆ” ಎಂದೆ. ಸುಳ್ಳು ಹೇಳಲಿಲ್ಲ, ಆದರೆ ಸುಳ್ಳಿಗಿಂತ ಕೆಟ್ಟದ್ದನ್ನು ಹೇಳಿದೆ. ಆ ಹೊಳೆಯುವ ಮೈಮೇಲೆ ಒಂದು ಗೀರು ಬೀಳಲಿ, ಎಲ್ಲರೆದುರು ಅವಳ ಮುಖ ಸಣ್ಣಗಾಗಲಿ ಎಂದಿತ್ತು ನನ್ನ ಮನಸ್ಸಿನಲ್ಲಿ. ಅದಕ್ಕಿಂತ ಹೆಚ್ಚಿನದು ಇರಲಿಲ್ಲ, ನಂಬಿ.

ಭಾನುವಾರ ಬೆಳಿಗ್ಗೆ ಶೆಡ್ಡುಗಳ ಸಾಲಿನ ಜನವೆಲ್ಲ ಸೇರಿದ್ದರು. ನಾನೇ ಹಿಟ್ಟು ನಾದಿ ಬೋರ್ಸೋಕ್ ಕರಿದು ತಟ್ಟೆ ತುಂಬ ತಂದಿದ್ದೆ. ಮಾವ ಬಿಳಿ ಕಲ್ಪಾಕ್ ಟೋಪಿ ಹಾಕಿಕೊಂಡು, ತಾವೂ ಒಳಗೆ ಬರುವುದಾಗಿ ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ಅವರು ಕೂರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬೇಡ ಎನ್ನುವ ಬದಲು ಬೋರ್ಸೋಕ್ ತಟ್ಟೆಯನ್ನು ಪಕ್ಕದವರತ್ತ ಚಾಚಿದೆ. ಕನ್ನಡಿ ಮಡಚಿಕೊಂಡು ಜೀಪು ಒಳಗೆ ಹೋಯಿತು. ಬಾಗಿಲು ನಾಲ್ಕು ಬೆರಳು ತೆರೆದು ಗೋಡೆಗೆ ತಾಗಿತು. ಹೊರಗೆಲ್ಲ ನಗು, ಒಳಗಿಂದ ಮಾವನ ನಗುವೂ ಕೇಳಿಸಿತು. ಹಿಂದಕ್ಕೆ ತೆಗೆಯೋಣವೆಂದು ನಿಮ್ಮ ತಮ್ಮ ಗೇರು ಬದಲಿಸುವಷ್ಟರಲ್ಲಿ, ಕಾರಿನ ಅಡಿ ಇಳಿದು ರಿಪೇರಿ ಮಾಡಲು ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ಹಾಸಿದ್ದ ಹಲಗೆಗಳು ಮುರಿದು ಮುಂದಿನ ಚಕ್ರ ಒಳಗೆ ಕುಸಿಯಿತು. ಜೀಪು ಗೋಡೆಗೆ ವಾಲಿಕೊಂಡಿತು. ಶೆಡ್ಡಿನ ತುಂಬ ಹೊಗೆ. ಮಾವನ ನಗು ನಿಂತು ಏದುಸಿರು ಶುರುವಾಯಿತು.

ಜೀಪಿನ ಹಿಂಬಾಗಿಲೊಂದೇ ದಾರಿ. ಚಿನಾರಾ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಲಂಗ ಎತ್ತಿ ಕಟ್ಟಿ ನಾನೇ ನುಗ್ಗಿದೆ. ಸೀಟುಗಳ ಮೇಲೆ ತೆವಳುವಾಗ, ಆ ಹೊತ್ತಿನಲ್ಲೂ, ಎಷ್ಟು ಮೆತ್ತಗಿದೆ ಎಂದು ಅನ್ನಿಸಿತು. ಅದನ್ನೂ ನಿಮಗೆ ಹೇಳಿಬಿಡುತ್ತೇನೆ. ಮಾವನ ಸೀಟನ್ನು ಹಿಂದಕ್ಕೆ ಮಲಗಿಸಿ, ಕಂಕುಳಿಗೆ ಕೈ ಹಾಕಿ ನಾನು ಎಳೆದೆ, ನಿಮ್ಮ ತಮ್ಮ ಕಾಲು ಹಿಡಿದು ತಳ್ಳಿದ. ಹೊರಗೆ ಗಾಳಿಯಲ್ಲಿ ಮಲಗಿಸಿದ ಮೇಲೆ ತುಟಿಯ ನೀಲಿ ಹೋಗಲು ಬಹಳ ಹೊತ್ತು ಹಿಡಿಯಿತು. ಎದುರು ಕಟ್ಟಡದ ಡಾಕ್ಟರಮ್ಮ ಬಂದು ನೋಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದರು. ಚಿನಾರಾ ನನ್ನನ್ನು ತಬ್ಬಿಕೊಂಡು, “ಅಕ್ಕಾ, ನೀವಿಲ್ದಿದ್ರೆ ಏನಾಗ್ತಿತ್ತು” ಎಂದಳು. ಇಡೀ ಸಾಲೇ ನನ್ನನ್ನು ಹೊಗಳಿತು. ಸಂಜೆ ಟ್ರಕ್ಕಿಗೆ ಕಟ್ಟಿ ಜೀಪನ್ನು ಎಳೆದಾಗ ತಲೆಯಿಂದ ಬಾಲದವರೆಗೆ ಗೀರು ಬಿದ್ದಿತ್ತು. ನಾನು ಬಯಸಿದ್ದಕ್ಕಿಂತ ಉದ್ದವಾದದ್ದು. ನೋಡಲಾರದೆ ಮನೆಗೆ ಬಂದೆ. ಎರಡು ದಿನದಿಂದ ಊಟ ಸೇರುತ್ತಿಲ್ಲ. ಬೈಯುವುದಿದ್ದರೆ ಬೈದು ಬರೆಯಿರಿ.

ಮಗಳು ನಿಮಗೆ ಮುತ್ತು ಕೊಟ್ಟಿದ್ದಾಳೆ. ಮೈ ಬೆಚ್ಚಗಿಟ್ಟುಕೊಳ್ಳಿ, ಹಿಮದ ಮೇಲೆ ಒಬ್ಬರೇ ನಡೆಯಬೇಡಿ.

ನಿಮ್ಮ
ಜಿಪಾರ್

ಮರೆತ ಮಾತು: ಇವತ್ತು ಗುರುವಾರ, ಟ್ರಕ್ಕಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಮಾವನಿಗೆ ಎಲ್ಲ ಹೇಳಿಬಿಟ್ಟೆ. ಅವರು, “ನಾನು ಕಟ್ಟಿದ ಗೋಡೆ ಕಣಮ್ಮ, ಅದರ ಅಗಲ ನಂಗೆ ಗೊತ್ತಿರಲ್ವಾ? ಆ ಝಿಗುಲಿಗೆ ನಾನು ಸೋವಿಯತ್ ಕಾಲ್ದಲ್ಲಿ ಹನ್ನೊಂದು ವರ್ಷ ಸರದೀಲಿ ಕಾದೆ. ಇವ್ನು ಒಂದೇ ದಿನದಲ್ಲಿ ತಂದ್ಬಿಟ್ಟ. ಒಳಗೆ ಸಿಕ್ಕಿ ಹಾಕ್ಕೊಂಡು ಒದ್ದಾಡ್ಲಿ, ಪಕ್ಕದಲ್ಲೇ ಕೂತು ನೋಡೋಣ ಅಂದ್ಕೊಂಡೆ. ಹಲಗೆ ಮುರಿಯುತ್ತೆ ಅಂತ ಗೊತ್ತಿರ್ಲಿಲ್ಲ” ಎಂದರು. ಕಲ್ಪಾಕ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಚಿನಾರಾಳ ಮನೆಗೆ ಇಬ್ಬರೂ ಹೋಗುತ್ತಿದ್ದೇವೆ. ಮೊದಲು ಯಾರು ಬಾಯಿ ಬಿಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.