ಪೊರೆಯ ಕೆಳಗಿನ ರಕ್ತ

ಹೈದರಾಬಾದ್
೧೨-೮-೧೯೮೮

ಪೂಜ್ಯ ಭಾವನವರಿಗೆ ಗೋದಾವರಿಯ ನಮಸ್ಕಾರಗಳು.

ಹೋದ ತಿಂಗಳು ಬೇಗಂಪೇಟೆಯಲ್ಲಿ ಬಸ್ಸು ಇಳಿಯುವಾಗ ನಿಮ್ಮ ತಮ್ಮನವರ ತಲೆಗೆ ಬಾಗಿಲ ಕಂಬಿ ಬಡಿದಿತ್ತು. ಗಾಯವಾಗಿರಲಿಲ್ಲ, ಹಾಗಾಗಿ ಮರೆತುಬಿಟ್ಟೆವು. ಆಮೇಲೆ ತಲೆನೋವು ಶುರುವಾಯಿತು. ನಿನ್ನೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಿಳಿಯದೆ ಸುಮ್ಮನೆ ನಿಂತಿದ್ದರು. ಆಸ್ಪತ್ರೆಗೆ ಕರೆತಂದೆ. ಮೆದುಳನ್ನು ಕಾಯುವ ಪೊರೆಯ ಕೆಳಗೆ ರಕ್ತ ಮೆಲ್ಲಗೆ ಸೋರಿ ಮೆದುಳನ್ನು ಒತ್ತುತ್ತಿದೆ, ಬುರುಡೆಗೆ ತೂತು ಕೊರೆದು ತೆಗೆಯಬೇಕು ಎಂದರು ಡಾಕ್ಟರು. ಸಹಿ ಮಾಡಿದೆ.

ಇಂದು ಒಳಗೆ ಒಯ್ಯುವಾಗ ಇವರು ನನ್ನ ಮುಖ ನೋಡಿ, "ಬಾಯಾರ, ನೀವು ಯಾರ ಪೈಕಿರಿ? ಯಾಕ ಅಳಾಕತ್ತೀರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ನಿಮ್ಮ ಪೈಕೀನರಿ" ಎಂದೆ.

ನೆರೆಮನೆಯ ಅಮರೇಶಪ್ಪನವರು ರಾಯಚೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅತ್ತೆಯವರಿಗೆ ಏನೂ ಹೇಳದೆ, ನೀವು ಸಿಕ್ಕ ರೈಲಿಗೆ ಬನ್ನಿ. ಇವರ ಹಳೆಯ ಮೆತ್ತನೆಯ ಧೋತರಗಳಿದ್ದರೆ ತನ್ನಿ.

ರಕ್ತ ತೆಗೆದಾಯಿತಂತೆ. ಕಣ್ಣು ಬಿಟ್ಟಿದ್ದಾರೆ, ಬನ್ನಿ ಎಂದು ನರ್ಸು ಆಗಲೇ ಎರಡು ಸಲ ಕರೆದು ಹೋದಳು. ಕಾಗದ ಮುಗಿಸಿ ಬರುತ್ತೇನೆ ಎಂದಿದ್ದೇನೆ. ಬರೆಯುವುದು ಇನ್ನೇನೂ ಉಳಿದಿಲ್ಲ, ಆದರೂ ಕಾಲು ಏಳುತ್ತಿಲ್ಲ.

ನಿಮ್ಮ ತಮ್ಮನ ಹೆಂಡತಿ,
ಗೋದಾವರಿ